ಐದು ದಾರಿ, ಒಂದು ದಣಪೆ

೧೯೯೮ನೇ ಇಸವಿಯ ಅಕ್ಟೋಬರಿನಲ್ಲಿ, ನನಗೆ ನಲವತ್ತನಾಲ್ಕು ವರ್ಷ ನಾಲ್ಕು ತಿಂಗಳು ತುಂಬಿದ್ದಾಗ, ನಾನು ಓಡಲಾರಂಭಿಸಿದೆ. ತಿಂಗಳನ್ನೂ ನಮೂದಿಸಿದ್ದು ಜಂಬಕ್ಕಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಪುಸ್ತಕ ಬರೆದವನಿಗೆ ‘ಸುಮಾರು’ ಎಂಬ ಪದವನ್ನು ಬಳಸಲು, ನೌಕರಿ ಬಿಟ್ಟ ಮೇಲೂ, ಕೈ ಬರುವುದಿಲ್ಲ.

ಓಟಕ್ಕೆ ಕಾರಣ ಸಕ್ಕರೆ ಕಾಯಿಲೆ. ಶಿರಸಿಯ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, “ಆರು ತಿಂಗಳು ಸಮಯ ಕೊಡ್ತೇನೆ. ಸಿಹಿ ಬಿಡಿ, ದಿನಾ ಬೆವರು ಬರುವಷ್ಟು ಓಡಿ. ಇಳಿಯದಿದ್ದರೆ ಮುಂದೆ ಯಾವತ್ತೂ ಗುಳಿಗೆ” ಎಂದರು. ಗುಳಿಗೆಗಿಂತ ಹೆಚ್ಚಾಗಿ ನಾನು ಹೆದರಿದ್ದು ಊರಿಗೆ. ಪ್ರತಿ ಸೋಮವಾರದ ಪ್ರಾರ್ಥನೆಯ ನಂತರ ಮಿತಾಹಾರದ ಕುರಿತು ಹತ್ತು ನಿಮಿಷ ಮಾತನಾಡುತ್ತಿದ್ದ ಮಾಸ್ತರನಿಗೇ ಸಕ್ಕರೆ ಎಂದು ತಿಳಿದರೆ ಏನಾದೀತು? ಊಟದ ಪಂಕ್ತಿಯಲ್ಲಿ ಹೋಳಿಗೆಯ ಹರಿವಾಣ ಹಿಡಿದವನು ನನ್ನೆದುರು ಅರೆಗಳಿಗೆ ನಿಂತು, “ಮಾಸ್ತರೇ, ನಿಂಗಕ್ಕಿಗೆ ಬ್ಯಾಡ ಅಲ್ದಾ” ಎಂದು, ನನಗೆ ಬೇಡವೆಂದು ತಾನೇ ತೀರ್ಮಾನಿಸಿ, ಮರುಕದಿಂದ ಮುಂದಿನ ಎಲೆಗೆ ದಾಟುವ ದೃಶ್ಯ ಕಣ್ಣಿಗೆ ಕಟ್ಟಿತು. ಆದ್ದರಿಂದ ಎರಡು ನಿರ್ಧಾರ ಮಾಡಿದೆ: ಆರು ತಿಂಗಳೊಳಗೆ ಸಕ್ಕರೆ ಇಳಿಯಬೇಕು, ವಿಷಯ ನನ್ನ ಹೆಂಡತಿಯ ಹೊರತು ಮತ್ತಾರಿಗೂ ತಿಳಿಯಬಾರದು.

ನಮ್ಮದು ಶಾಲ್ಮಲೆಯ ದಂಡೆಯ ಸಣ್ಣ ಪೇಟೆ. ಎರಡು ಬಸ್ಸು ಒಟ್ಟಿಗೆ ಬಂದರೆ ಒಂದು ಹಿಂದಕ್ಕೆ ಸರಿಯಬೇಕು. ಅಲ್ಲಿಂದ ಸೇತುವೆ ದಾಟಿ, ಹುಲಗೋಳದ ಕಡೆಗೆ ಸ್ವಲ್ಪ ಸಾಗಿ, ಹೊಳೆಯಂಚಿನ ಕಾಲುದಾರಿಯಲ್ಲಿ ಮರಳುವ ಒಂದು ಸುತ್ತನ್ನು ಆರಿಸಿದೆ. ಸೈಕಲ್ಲಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಅದು ಎಷ್ಟು ಬಾರಿ ನೆಲ ಮುಟ್ಟಿತೆಂದು ಎಣಿಸಿ ದೂರವನ್ನು ಅಳೆದೆ. ಬಟರ್ ಪೇಪರಿನ ಮೇಲೆ ನಕಾಶೆ ಬರೆದು, ‘ಒಂದನೇ ದಾರಿ’ ಎಂದು ಶೀರ್ಷಿಕೆ ಕೊಟ್ಟು, ಅಡಿಯಲ್ಲಿ ರುಜು ಹಾಕಿದೆ. ರುಜುವನ್ನು ಯಾರೂ ಕೇಳಿರಲಿಲ್ಲ.

ಮೊದಲ ದಿನವೇ, ಶಿರಸಿಯ ಪರಿಚಿತ ಲಾರಿಚಾಲಕ ಸಾಹೇಬರು ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೂಗಿದರು. “ಯಾರಿಗೇನಾಯ್ತು ಮಾಸ್ತರ್? ಹತ್ರಿ ಜಲ್ದಿ, ಆಸ್ಪತ್ರೆಗೆ ಬಿಡ್ತೀನಿ!”

“ಯಾರಿಗೂ ಏನೂ ಆಗಿಲ್ಲ. ವ್ಯಾಯಾಮ.”

“ಎಲ್ಲಿ ತನಕ?”

“ಹೀಗೇ ಸುತ್ತಿ, ಮನೆಗೆ.”

“ಯಾ ಅಲ್ಲಾ! ಮನೆಗೇ ಬರೋದಾದ್ರೆ ಮನೇಲೇ ಇರಬಹುದಿತ್ತಲ್ಲ!” ಎಂದು ನಕ್ಕು ಅವರು ಹೊರಟರು. ತರ್ಕದಲ್ಲಿ ದೋಷ ಹುಡುಕುತ್ತ ನಾನು ಮುಂದಿನ ತಿರುವಿನವರೆಗೆ ಓಡಿದೆ, ಸಿಗಲಿಲ್ಲ.

ಮೂರನೆಯ ದಿನ ದಣಪೆಯ ಬಳಿ ನಿಲ್ಲಬೇಕಾಯಿತು. ದನಕರು ಒಳನುಗ್ಗದಂತೆ ಎರಡು ಕಂಬಗಳ ನಡುವೆ ಅಡ್ಡಗೋಲುಗಳನ್ನು ತೂರಿಸಿದ ಬಾಗಿಲಿಗೆ ನಮ್ಮಲ್ಲಿ ದಣಪೆ ಎನ್ನುತ್ತಾರೆ. ಅದರಾಚೆ, ದೇವರ ಹೂವು ಕೊಯ್ಯುತ್ತ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಿಂತಿದ್ದರು. ಊರಿಗೆಲ್ಲ ಅವರು ‘ಆಯಿ’.

“ಮಾಸ್ತರೇ, ಎಂತಕ್ಕೆ ಆ ನಮೂನಿ ಓಡ್ತ್ರಿ? ಆಸ್ರಿಗೆ ಕುಡ್ಕಂಡು ಹೋಗಿ.”

ನಮ್ಮ ಕಡೆ, ಬಾಗಿಲಿಗೆ ಬಂದವರ ಬಾಯಾರಿಕೆಯನ್ನು ಕೇಳದೆ ಕಳಿಸುವ ಪದ್ಧತಿಯಿಲ್ಲ, ಅದುವೇ ಆಸರಿಗೆ. ಬೇಡವೆಂದರೆ ಆ ಮನೆಯ ಮೇಲೆ ಮುನಿಸಿದೆ ಎಂದರ್ಥ. ಮುರುಗಲ ಹಣ್ಣಿನ ಪಾನಕ ಬಂತು; ಕೆಂಪಗೆ, ತಣ್ಣಗೆ, ಜೋನಿಬೆಲ್ಲದ ಪರಿಮಳದೊಂದಿಗೆ. ‘ಕುಡಿಯಬಾರದು’ ಎಂಬುದಕ್ಕೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಗುಟ್ಟು ಹೋಗುತ್ತದೆ. ಕುಡಿದೆ. ಅರ್ಧ ಕಿಲೋಮೀಟರು ಹೆಚ್ಚು ಓಡಿದರೆ ಸರಿಹೋಯಿತೆಂದು ಮರುದಿನದ ದಾರಿಯನ್ನು ಉದ್ದ ಮಾಡಿದೆ. ಉದ್ದ ಮಾಡಿದ್ದರಿಂದ ಬಾಯಾರಿಕೆಯೂ ಉದ್ದವಾಯಿತು.

ಈ ಅಪಾಯವನ್ನು ನಿವಾರಿಸಲೆಂದೇ ಎರಡನೇ ದಾರಿಯನ್ನು ರಚಿಸಿದೆ. ಅದು ಹೊಳೆಯ ಕೆಳದಂಡೆಯಲ್ಲಿತ್ತು. ಆದರೆ ಅಲ್ಲಿ ನಾಯಿಗಳಿದ್ದವು, ಅವುಗಳನ್ನು ತಪ್ಪಿಸಲು ಸ್ವಲ್ಪ ಮೇಲಕ್ಕೆ ತಿರುಗಬೇಕಾಯಿತು. ಮೂರನೆಯದು ಗುಡ್ಡವನ್ನು ಸುತ್ತುತ್ತಿತ್ತು, ಮೊಣಕಾಲಿಗೆ ಏರು ಒಗ್ಗದ ಕಾರಣ ಇಳಿಜಾರನ್ನು ಬದಲಿಸಿದೆ. ನಾಲ್ಕನೆಯದಕ್ಕೆ ಕೊಟ್ಟ ಕಾರಣ ನೋಟುಪುಸ್ತಕದಲ್ಲಿ ಹೀಗಿದೆ: ‘ಸೂರ್ಯನ ಕಿರಣ ನೇರವಾಗಿ ಕಣ್ಣಿಗೆ ಬೀಳುವುದರಿಂದ.’ ಎಲ್ಲ ಕಾರಣಗಳೂ ಸತ್ಯ, ಎಲ್ಲ ವಾಕ್ಯಗಳೂ ಶುದ್ಧ. ಆ ನೋಟುಪುಸ್ತಕದಲ್ಲಿ ಹೊರಟ ವೇಳೆ, ತಲುಪಿದ ವೇಳೆ, ದೂರ, ಹವೆ, ಉಸಿರಾಟ ಎಂದು ಐದು ಅಂಕಣಗಳಿದ್ದವು. ಕುಡಿದದ್ದಕ್ಕೆ ಅಂಕಣವಿರಲಿಲ್ಲ.

ಫೆಬ್ರವರಿಯಲ್ಲಿ ಆಯಿಯ ಮನೆಯ ಹಿಂದೆ ಆಲೆಮನೆ ಹೂಡಿದರು. ಕಬ್ಬಿನ ಹಾಲು ಒಂದು ಚೆಂಬು, ಕೊಪ್ಪರಿಗೆಯಿಂದ ಎತ್ತಿದ ನೊರೆಬೆಲ್ಲ ಬಾಳೆಯೆಲೆಯ ಚೂರಿನ ಮೇಲೆ ಒಂದು ಸೌಟು. ಐದನೇ ದಾರಿಯನ್ನು ನಾನು ಬರೆದದ್ದು ಆ ವಾರದಲ್ಲಿ. ಹದಿನೈದು ದಿನ ನನ್ನ ವೇಗ ಗಣನೀಯವಾಗಿ ಹೆಚ್ಚಿತು, ಹೋಗುವಾಗ ಮಾತ್ರ.

ಮನೆಯಲ್ಲಿ ಮಾತ್ರ ನಾನು ಮಹಾವ್ರತಿ. ಚಹಾಕ್ಕೆ ಸಕ್ಕರೆಯಿಲ್ಲ, ಹಬ್ಬಕ್ಕೆ ಪಾಯಸವಿಲ್ಲ. ನನ್ನ ದೆಸೆಯಿಂದ ಹೆಂಡತಿಯೂ ಸಿಹಿ ಬಿಟ್ಟಿದ್ದಳು. ಅದನ್ನು ನೆನೆದಾಗ ಈಗಲೂ ತಲೆ ತಗ್ಗುತ್ತದೆ.

ಏಪ್ರಿಲ್ ಹದಿನೇಳರ ಶನಿವಾರ ಬರಿಹೊಟ್ಟೆಯಲ್ಲಿ ಶಿರಸಿಗೆ ಹೋಗಿ ರಕ್ತ ಕೊಟ್ಟೆವು. ‘ಕೊಟ್ಟೆವು’ ಎಂದು ಬರೆದದ್ದು ಏಕೆಂದರೆ ಸೂಜಿ ಚುಚ್ಚಿದ್ದು ನನಗಾದರೂ ಕಣ್ಣು ಮುಚ್ಚಿಕೊಂಡವಳು ಜೊತೆಗೆ ಬಂದ ಹೆಂಡತಿ. ಫಲಿತಾಂಶ ಅಕ್ಟೋಬರಿನ ಅಂಕಿಗಿಂತ ಮೂವತ್ತೆರಡು ಹೆಚ್ಚಿತ್ತು. ನಾನು ನೋಟುಪುಸ್ತಕವನ್ನು ವೈದ್ಯರ ಮುಂದಿಟ್ಟೆ. ಅವರು ನಾಲ್ಕು ಪುಟ ತಿರುವಿ, “ಮಾಸ್ತರೇ, ಓಡಿದ್ದು ನೀವಾ, ಸಕ್ಕರೆಯಾ?” ಎಂದು ಕೇಳಿ, ಗುಳಿಗೆ ಬರೆದರು.

ಹೆಂಡತಿ ಬಸ್ಸಿಳಿದು ಮನೆಗೆ ಬಂದವಳೇ ಐದೂ ನಕಾಶೆಗಳನ್ನು ಒಂದರ ಮೇಲೊಂದು ಜೋಡಿಸಿ ಕಿಟಕಿಯ ಗಾಜಿಗೆ ಹಿಡಿದಳು. ಬಟರ್ ಪೇಪರಿನ ಗುಣ. ಬೆಳಕಿಗೆ ಎಲ್ಲ ಗೆರೆಗಳೂ ಕಂಡವು.

“ಇಲ್ನೋಡಿ. ಒಂದು ಮೇಲಿಂದ, ಒಂದು ಕೆಳಗಿಂದ, ಒಂದು ಗುಡ್ಡ ಸುತ್ತಿ. ಎಲ್ಲಾದೂ ಆಯಿ ಮನೆ ದಣಪೆ ಹತ್ರನೇ ಎಂತಕ್ಕೆ ಬತ್ತು?”

“ಭೂಪ್ರದೇಶದ ಅನಿವಾರ್ಯತೆ,” ಎಂದೆ.

“ಹೌದಾ? ಐದ್ನೇ ದಾರಿ ಅಲ್ಲಿ ಎರಡು ಸಲ ಹೋಗ್ತು. ಅದೂ ಅನಿವಾರ್ಯವಾ?”

ಗಾಜಿನ ಮೇಲೆ ಐದು ಸುತ್ತುಗಳು ಹೂವಿನ ಎಸಳುಗಳಂತೆ ಹರಡಿ ಒಂದೇ ಬಿಂದುವಿನಲ್ಲಿ ಕೂಡಿದ್ದವು. ಪ್ರತಿಯೊಂದರ ಅಡಿಯಲ್ಲೂ ನನ್ನ ರುಜು ಇತ್ತು. ಪದ್ಧತಿಗೆ ಕಟ್ಟುಬಿದ್ದು ಕುಡಿದೆನೆಂದು ಆರು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೆ. ನನ್ನದೇ ಕೈಯಿಂದ ಬರೆದ ಸಾಕ್ಷಿ ಬೇರೆಯದನ್ನೇ ಹೇಳುತ್ತಿತ್ತು.

“ಬೈತ್ನಿಲ್ಲೆ,” ಎಂದಳು ಅವಳು, ಕಾಗದಗಳನ್ನು ಮಡಚುತ್ತ. “ಆಯಿಗೆ ಒಂದು ಮಾತು ಹೇಳಿದ್ರೆ ಲೋಟ ಅಲ್ಲೇ ನಿಲ್ತಿತ್ತು. ಅಷ್ಟು ಹೇಳಕ್ಕೆ ಎಂತ ಕಷ್ಟ?”



ಮರುದಿನ ಬೆಳಿಗ್ಗೆ ಯಾವ ಸುತ್ತನ್ನೂ ಹಿಡಿಯದೆ, ಆಯಿಯ ಮನೆಗೆ ನೇರ ದಾರಿಯಲ್ಲಿ ನಡೆದೇ ಹೋದೆ. ಅದು ಇಷ್ಟು ಹತ್ತಿರವೆಂದು ಗೊತ್ತೇ ಇರಲಿಲ್ಲ, ಹನ್ನೊಂದು ನಿಮಿಷ. ಆಯಿ ಲೋಟ ಹಿಡಿದೇ ನಿಂತಿದ್ದರು. ನಾನು ದಣಪೆಯ ಅಡ್ಡವನ್ನು ಎರಡು ಕೈಗಳಿಂದ ಹಿಡಿದು, ಪಾಠ ಒಪ್ಪಿಸುವವನಂತೆ ಹೇಳಿದೆ: “ಆಯಿ, ಎನಗೆ ಸಕ್ಕರೆ ಕಾಯಿಲೆ ಇದ್ದು. ಪಾನಕ ಆಗ್ತಿಲ್ಲೆ.”

ಆಯಿ ಲೋಟವನ್ನು ಕಟ್ಟೆಯ ಮೇಲಿಟ್ಟು, ಹಣೆ ಹಣೆ ಚಚ್ಚಿಕೊಂಡು ನಕ್ಕರು.

“ಅಯ್ಯೋ, ಮೊದ್ಲೇ ಹೇಳಕ್ಕಾಗಿತ್ತಲೀ! ಹೆಂಡತಿ ಮನೆಲ್ಲಿ ಒಂದು ಚೂರು ಸಿಹಿ ಮಾಡ್ತಿಲ್ಲೆ, ಪಾಪ, ಮಾಸ್ತರು ಅದಕ್ಕೇ ಬೆಳಗಾದ್ರೆ ಮನೆ ಬಿಟ್ಟು ಓಡ್ತ್ರು ಹೇಳಿ ಊರೆಲ್ಲ ಮಾತಾಡ್ತು. ಆನೂ ಅದೇ ಕರುಣೆಲ್ಲಿ ಒಂದು ಚಮಚ ಬೆಲ್ಲ ಹೆಚ್ಚಿಗೇ ಹಾಕ್ತಿದ್ದೆ.” ಆಮೇಲೆ ದನಿ ತಗ್ಗಿಸಿದರು. “ಎನಗೂ ಇದ್ದು, ಮಾಸ್ತರೇ. ಹನ್ನೆರಡು ವರ್ಷ ಆತು. ಊರಿಗೆಲ್ಲಾ ಗೊತ್ತಿದ್ದು. ನಿಂಗಕ್ಕಿಗೆ ಗೊತ್ತಿಲ್ಯ?”

ಗೊತ್ತಿರಲಿಲ್ಲ. ಆರು ತಿಂಗಳು ಅವರೆದುರು ನಿಂತು ಕುಡಿದವನು, ಅವರ ಕೈಯಲ್ಲಿ ಎರಡನೆಯ ಲೋಟ ಏಕಿಲ್ಲವೆಂದು ಒಂದು ಬಾರಿಯೂ ಕೇಳಿರಲಿಲ್ಲ.

ಆಯಿ ಒಳಗೆ ಹೋಗಿ ಎರಡು ಲೋಟ ನೀರುಮಜ್ಜಿಗೆ ತಂದರು; ಉಪ್ಪು, ಶುಂಠಿ, ಅಷ್ಟೇ. ದಣಪೆಯ ಆಚೆ ಅವರು, ಈಚೆ ನಾನು, ಇಬ್ಬರೂ ಒಟ್ಟಿಗೆ ಕುಡಿದೆವು. ಕಿಸೆಯಲ್ಲಿದ್ದ ಮೊದಲ ಗುಳಿಗೆಯನ್ನು ನಾನು ನುಂಗಿದ್ದು ಅವರ ಎದುರಿಗೇ. ಮನೆಗೆ ಬಂದು ನೋಟುಪುಸ್ತಕಕ್ಕೆ ಆರನೆಯ ಅಂಕಣವನ್ನು ಗೆರೆಯೆಳೆದು ಸೇರಿಸಿ, ಮೊದಲ ಸಾಲಿನಲ್ಲಿ ‘ಮಜ್ಜಿಗೆ, ಒಂದು ಲೋಟ’ ಎಂದು ಬರೆದು, ಪಕ್ಕದಲ್ಲಿ ದಿನಾಂಕ ಹಾಕಿದೆ: ರವಿವಾರ, ೧೮ ಏಪ್ರಿಲ್ ೧೯೯೯.