ಬೀಗರನ್ನು ಎಬ್ಬಿಸುವವರು ಯಾರು?

ಮೊನ್ನೆ ಕಡೂರಿನ ಮೆಡಿಕಲ್ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿದೆ. ಅಂಗಡಿಯವರು ಕ್ಯಾನ್ ಮುಂದಿಡುತ್ತಾ, "ಯುಪಿಎಸ್ ಬ್ಯಾಟ್ರಿಗಾ ಸಾರ್?" ಅಂದರು. "ಇಲ್ಲಪ್ಪ, ನನಗೇ" ಅಂದೆ. ಅವರು ಕ್ಯಾನನ್ನು ಅರ್ಧ ಹಿಂದಕ್ಕೆಳೆದುಕೊಂಡರು. ಗೊರಕೆಯ ಮೆಷಿನ್ನಿಗೆ ಹಾಕುವ ನೀರು ಎಂದು ಬಿಡಿಸಿ ಹೇಳಿದೆ. "ಗೊರ್ಕೆ ಹೊಡೆಯಕ್ಕೂ ಮೆಷಿನ್ ಬಂತಾ?" ಎಂದರು. ಇದಕ್ಕೆ ಉತ್ತರ ಹೇಳಬೇಕಾದರೆ ನನ್ನ ಬೀಗರಿಂದ ಶುರುಮಾಡಬೇಕು. ಅಲ್ಲಿ ನೋಡಿದರೆ ಹಿಂದೆ ಗಿರಾಕಿಗಳು ನಿಂತಿದ್ದರು. ನೀವಾದರೆ ಪುರುಸೊತ್ತಾಗಿ ಕೂತಿದ್ದೀರಿ, ಕೇಳಿ.

ನನ್ನ ಮಗಳು ಕಾವ್ಯಳನ್ನು ಅಜ್ಜಂಪುರಕ್ಕೆ ಕೊಟ್ಟಿದ್ದೇವೆ. ಅವಳ ಮಾವ ಓಂಕಾರಪ್ಪನವರದು ಈರುಳ್ಳಿ ಮಂಡಿ. ದೊಡ್ಡ ಹೊಟ್ಟೆ, ಮೋಟು ಕುತ್ತಿಗೆ, ಚಿನ್ನದಂಥ ಮನಸ್ಸು. ಮದುವೆಯಾದ ಹೊಸದರಲ್ಲಿ ಅವರಿಗೆ ನಮ್ಮ ಮನೆಯಲ್ಲಿ ಬೀಗರ ಔತಣ ಇಟ್ಟುಕೊಂಡಿದ್ದೆವು. ಹೋಳಿಗೆ, ತುಪ್ಪ, ಮೇಲೆ ಇನ್ನೊಂದು ಹೋಳಿಗೆ. ಊಟವಾದ ಮೇಲೆ ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ ಓಂಕಾರಪ್ಪನವರು ಗೊರಕೆ ಶುರುಮಾಡಿದರು. ಕಿಟಕಿಯ ಗಾಜು ಅದುರಿತು ಎಂದರೆ ನೀವು ನಂಬುವುದಿಲ್ಲ. ಆ ಕಿಟಕಿ ಮೊದಲೇ ಸಡಿಲವಾಗಿತ್ತು, ನಿಜ. ಆದರೂ ಅದುರಿತು.

ನಮ್ಮ ಕಡೆಯ ನೆಂಟರೆಲ್ಲ ಸುತ್ತ ಗೋಡೆಗೊರಗಿ, ಪುರಾಣ ಕೇಳುವವರಂತೆ ಭಕ್ತಿಯಿಂದ ಕೂತಿದ್ದರು. ಬೀಗರು ಮಾಡಿದ್ದರಲ್ಲಿ ತಪ್ಪು ಕಾಣುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಹೆಣ್ಣು ಕೊಟ್ಟವರಿಗೆ ಆ ಅಧಿಕಾರ ಎಲ್ಲಿಯದು? ಹೀಗಿರುವಾಗ ಗೊರಕೆ ಥಟ್ಟನೆ ನಿಂತಿತು. ಹೊಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಉಸಿರಿನ ಸದ್ದು ಮಾತ್ರ ಇಲ್ಲ. ನನ್ನ ಅಣ್ಣ ಕಿವಿಯ ಹತ್ತಿರ ಬಗ್ಗಿ, "ನೋಡ್ದೇನೋ, ನಮ್ಗೆ ತೊಂದ್ರೆ ಆಗ್ತದೆ ಅಂತ ನಿಲ್ಸಿಬಿಟ್ರು. ದೊಡ್ಡ ಮನುಷ್ಯ ಕಣೋ" ಅಂದ. ಎಲ್ಲರೂ ತಲೆದೂಗಿದೆವು. ಆಮೇಲೆ ಬೀಗರು ನೀರಿನಿಂದ ಮೇಲೆ ಬಂದವರಂತೆ ಒಮ್ಮೆ ಗೊರಕ್ಕೆಂದು ಎಳೆದುಕೊಂಡು ಮತ್ತೆ ಶುರುಮಾಡಿದರು. "ಪಾಪ, ಎಷ್ಟೊತ್ತು ಅಂತ ತಡ್ಕೊಂಡಾರು" ಎಂದು ಅಣ್ಣನೇ ಸಮಜಾಯಿಷಿ ಕೊಟ್ಟ. ಒಬ್ಬ ಮನುಷ್ಯನ ಉಸಿರು ಕಟ್ಟಿದ್ದನ್ನು ನಾವು ಸೌಜನ್ಯವೆಂದು ಎಣಿಸಿ ಮೆಚ್ಚಿಕೊಂಡಿದ್ದೆವು. ಎದ್ದ ಮೇಲೆ ನಾನು "ಒಳ್ಳೇ ನಿದ್ದೆ ನಿಮ್ದು" ಎಂದು ಹೊಗಳಿದ್ದಕ್ಕೆ ಅವರು, "ನಿದ್ದೆ ಎಲ್ಬಂತು ಬೀಗ್ರೇ, ಸುಮ್ನೆ ಕಣ್ಣು ಮುಚ್ಚಿದ್ದೆ" ಅಂದರು.

ಸ್ವಲ್ಪ ದಿನ ಕಳೆದು ಕಾವ್ಯ ಫೋನು ಮಾಡಿದಳು. "ಅಪ್ಪಾಜಿ, ಮಾವ ನಿದ್ದೇಲಿ ಉಸಿರಾಡೋದ್ನೇ ಮರೀತಾರೆ. ಮಂಡೀಲಿ ತೂಕ ಹಾಕ್ತಾ ಹಾಕ್ತಾ ತೂಕಡಿಸ್ತಾರಂತೆ. ನಂಗೆ ಭಯ ಆಗ್ತದೆ. ನೀವಾದ್ರೂ ಹೇಳಿ." ಗಂಡನಿಗೆ ಹೇಳು ಅಂದೆ. ಮಗ ತಂದೆಗೆ ಹೇಳುವುದಿಲ್ಲವಂತೆ. ಅತ್ತೆಯವರು? ಅವರಿಗೆ ಕಿವಿ ಒಗ್ಗಿಹೋಗಿದೆಯಂತೆ. ಸೊಸೆ ಬಾಯಿ ಬಿಡುವ ಹಾಗೇ ಇಲ್ಲ. ಕೊನೆಗೆ ಸರೀಕನಾದ ನಾನೇ ಹೇಳಬೇಕೆಂದು ತೀರ್ಮಾನವಾಯಿತು.

ಹೇಳಲೆಂದೇ ಅಜ್ಜಂಪುರಕ್ಕೆ ಹೋದೆ. ಹವಾಮಾನ ಹೇಳಿದೆ, ಈರುಳ್ಳಿಯ ವಿಚಾರ ಹೇಳಿದೆ, ಗೊರಕೆಯ ವಿಚಾರ ಗಂಟಲಿನಿಂದ ಮೇಲೆ ಬರಲಿಲ್ಲ. ಹೊರಟಾಗ ಬೀಗರು ತರೀಕೆರೆಯ ತನಕ ಬೈಕಿನಲ್ಲಿ ಬಿಡುತ್ತೇನೆಂದರು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಆಫ್ ಮಾಡಿ ನಿಂತೆವು. ರೈಲು ಹೋಯಿತು, ಗೇಟು ಎದ್ದಿತು, ಬೈಕು ಮಾತ್ರ ಕದಲಲಿಲ್ಲ. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಆಮೇಲೆ ನೋಡಿದರೆ ಹೆಲ್ಮೆಟ್ಟಿನೊಳಗಿಂದ ಗೊರಕೆ! ಬೀಗರ ಭುಜ ಹಿಡಿದು ಅಲುಗಿಸುವುದು ಮರ್ಯಾದೆಯಲ್ಲವೆಂದು ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಹಿಂದೆ ನಿಂತಿದ್ದ ಲಾರಿಯ ಡ್ರೈವರ್ ಇಳಿದು ಬಂದು, "ಏನಪ್ಪಾ, ಇಲ್ಲೇ ಹಾಸಿಗೆ ಹಾಸ್ಕೊಡ್ಲಾ?" ಎಂದು ಹೆಲ್ಮೆಟ್ಟಿಗೆ ಕುಟ್ಟಿದ ಮೇಲೆ ನಾವು ಹೊರಟೆವು. ಉಳಿದ ದಾರಿಯುದ್ದಕ್ಕೂ ನನ್ನ ಜೀವ ಕೈಯಲ್ಲಿತ್ತು. ಈ ಮನುಷ್ಯ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಅವತ್ತು ನಿಜವಾಗಿ ಹೆದರಿದೆ.

ಹೆದರಿದವನಿಗೆ ಉಪಾಯ ಹೊಳೆಯುತ್ತದೆ. "ಬೀಗ್ರೇ, ನಂಗೆ ಗೊರ್ಕೆ ಕಾಟ. ಶಿವಮೊಗ್ಗದಲ್ಲಿ ಡಾಕ್ಟ್ರಿಗೆ ತೋರಿಸ್ಬೇಕು, ಜೊತೆಗೆ ಬರ್ತೀರಾ?" ಎಂದು ಶುದ್ಧ ಸುಳ್ಳು ಹೇಳಿದೆ. ಅವರು ಒಂದೇ ಮಾತಿಗೆ ಒಪ್ಪಿದರು. ಅಷ್ಟು ಬೇಗ ಯಾಕೆ ಒಪ್ಪಿದರೆಂದು ನನಗೆ ಸಂಶಯವೂ ಬರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಸರದಿ ಬರುವ ಮೊದಲೇ ಬೀಗರು ಬೆಂಚಿನ ಮೇಲೆ ಕಣ್ಣು ಮುಚ್ಚಿದರು. ಸದ್ದು ಕೇಳಿ ಡಾಕ್ಟರೇ ಹೊರಗೆ ಬಂದು ನೋಡಿ, "ಇವರನ್ನೂ ಒಳಗೆ ಕರ್ಕೊಂಡ್ಬನ್ನಿ" ಅಂದರು. ಮಲಗಿದಾಗ ಗಂಟಲು ಸಡಿಲವಾಗಿ ಉಸಿರಿನ ದಾರಿ ಕಿರಿದಾಗುತ್ತದೆ, ಗೊರಕೆ ಅದರ ಸದ್ದು. ಕೆಲವರಿಗೆ ದಾರಿ ಪೂರ್ತಿ ಮುಚ್ಚಿ ಉಸಿರೇ ನಿಲ್ಲುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ರಾತ್ರಿಯೆಲ್ಲ ಇದೇ ಆದರೆ ಹಗಲೆಲ್ಲ ತೂಕಡಿಕೆ, ಬಿ.ಪಿ., ಹೃದಯಕ್ಕೂ ಕಷ್ಟ ಎಂದು ವಿವರಿಸಿದರು. ಇಬ್ಬರನ್ನೂ ಒಂದು ರಾತ್ರಿ ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿಸಿ ಮಲಗಿಸಿದರು. ಮರುದಿನ ರಿಪೋರ್ಟ್ ನೋಡಿ, "ಓಂಕಾರಪ್ಪನವರದು ಜೋರಾಗಿದೆ. ನಿಮ್ಮದು ಅವರಿಗಿಂತ ಒಂದು ಕೈ ಮೇಲೆ" ಅಂದರು.

ನಾನು ಬೀಗರ ಮುಖ ನೋಡಿದೆ. ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. "ನಂಗೊತ್ತಿತ್ತು ಬೀಗ್ರೇ. ಮದ್ವೆ ಛತ್ರದಲ್ಲಿ ನಿಮ್ ಪಕ್ಕದಲ್ಲೇ ಮಲ್ಗಿದ್ನಲ್ಲ. ನಿಮ್ ಉಸ್ರು ನಿಂತಾಗ್ಲೆಲ್ಲ ಬೇಕೂಂತ ಲೋಟ ಬೀಳಿಸ್ತಿದ್ದೆ. ಹೆಣ್ಣಿನ ತಂದೆಗೆ ಏನಂತ ಹೇಳೋದು? ನೀವೇ ಡಾಕ್ಟ್ರತ್ರ ಹೋಗ್ತೀನಿ ಅಂದ್ರಿ, ಸದ್ಯ ಅಂತ ಜೊತೆಗೆ ಬಂದೆ" ಅಂದರು. ಇಂಥ ಒಳ್ಳೆಯವರಿಗೆ ಒಂದು ಲೋಟ ನೆಟ್ಟಗೆ ಹಿಡಿಯಲು ಬರುವುದಿಲ್ಲವಲ್ಲ ಎಂದು ಛತ್ರದಲ್ಲಿ ಆ ರಾತ್ರಿ ನಾನು ಮರುಗಿದ್ದೆ.

ಮೈ ಇಳಿಸಿ, ರಾತ್ರಿ ಹೊಟ್ಟೆ ಬಿರಿಯ ತಿನ್ನಬೇಡಿ, ಮಗ್ಗುಲಾಗಿ ಮಲಗಿ, ಹಗಲಿನ ತೂಕಡಿಕೆ ನಿಲ್ಲುವ ತನಕ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಇಬ್ಬರಿಗೂ ಮೂಗಿನ ಮಾಸ್ಕಿನಿಂದ ನೀರಿನ ತೇವ ಬೆರೆತ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಮೆಷಿನ್ ಬರೆದುಕೊಟ್ಟರು. ಮೆಷಿನ್ ಬರುವವರೆಗೆ ಅಂಗಾತವಾಗದಂತೆ ಬನಿಯನ್ನಿನ ಬೆನ್ನಿಗೆ ಚೆಂಡು ಹೊಲಿಸಿಕೊಳ್ಳಬಹುದು ಎಂದಿದ್ದರು. ಬೀಗರ ಮನೆಯಲ್ಲಿ ಚೆಂಡಿರಲಿಲ್ಲ, ಈರುಳ್ಳಿಗೆ ಬರವಿರಲಿಲ್ಲ. ಬೆನ್ನಿಗೆ ಹೊಲಿಸಿಕೊಂಡ ಈರುಳ್ಳಿ ಬೆಳಗಾಗುವಷ್ಟರಲ್ಲಿ ಅಪ್ಪಚ್ಚಿಯಾಗಿ, ಕಿವಿ ಒಗ್ಗಿದ್ದ ಅತ್ತೆಯವರು ಮೂಗಿನ ದೆಸೆಯಿಂದ ಜಗಲಿಗೆ ಹೋಗಿ ಮಲಗಿದ್ದರಂತೆ. ಈಗ ಮೆಷಿನ್ ಬಂದು ಓಂಕಾರಪ್ಪನವರು ಮಂಡಿಯಲ್ಲಿ ಎಚ್ಚರವಾಗಿರುತ್ತಾರೆ. ಕಾವ್ಯಳ ದನಿಯಲ್ಲಿ ಭಯವಿಲ್ಲ.

ನಿನ್ನೆ ಭಾನುವಾರ ಮಧ್ಯಾಹ್ನ ನಾನು ಮಾಸ್ಕ್ ಹಾಕಿಕೊಂಡು ಮಲಗಿದ್ದೆ. ಎಚ್ಚರವಾದಾಗ ನನ್ನ ಹೆಂಡತಿ ಗಿರಿಜಾ ಪಕ್ಕದಲ್ಲಿ ಕೂತು ನನ್ನ ಎದೆಯ ಮೇಲೆ ಕೈ ಇಟ್ಟಿದ್ದಳು.

"ಯಾಕೇ, ಮಲಗ್ಲಿಲ್ವಾ?"

"ಸದ್ದೇ ಇಲ್ವಲ್ರೀ. ನಿಮ್ ಗೊರ್ಕೆ ಇರೋವರ್ಗೂ ನಂಗೆ ನಿದ್ದೆ ಬರ್ತಿತ್ತು. ನಿಂತಾಗ್ಲೇ ಎದ್ದು ಕೂರ್ತಿದ್ದೆ. ಮದ್ವೆ ಆದಾಗಿನಿಂದ ಅದೇ ಅಭ್ಯಾಸ."

ದಿಂಬನ್ನು ಅವಳ ಕಡೆ ಸರಿಸಿದೆ. "ಮಲಕ್ಕೋ" ಅಂದೆ. ಮಲಗಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿ, ಸಣ್ಣಗೆ ಗೊರಕೆಯೂ ಶುರುವಾಯಿತು. ನಾನು ಮಾಸ್ಕ್ ಬಿಚ್ಚಿಟ್ಟು ಎದ್ದು ಕೂತೆ. ಅದು ನಿಲ್ಲದಿರಲಿ ಎಂದು ಕೇಳುತ್ತಾ ಕೂತಿದ್ದೆ.