ನೀಲವ್ವನ ಡಬ್ಬಿ, ಗಂಗವ್ವನ ಮುಚ್ಚಳ

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೊಬೈಲಿಗೆ ಒಂದು ಫೋಟೋ ಬಂತು. ಕಟ್ಟಿಗೆಯ ಉಪ್ಪಿನ ಡಬ್ಬಿ. ದಪ್ಪ ಹೊಟ್ಟೆ, ಸಣ್ಣ ಕತ್ತು. ಮುಚ್ಚಳ ಮಾತ್ರ ಬೇರೆಯವರ ರುಮಾಲು ಸುತ್ತಿಕೊಂಡವರ ಹಾಗೆ ಓರೆಯಾಗಿ ಕೂತಿತ್ತು. ಕಳಿಸಿದವರು ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ, ಮೊಮ್ಮಗಳ ಗಂಡ, ಮುಧೋಳದವರು. ಕೆಳಗೆ ಒಂದೇ ಸಾಲು: ‘ಮಾವಾರ, ಇದು ಯಾವ ಊರಿಂದು, ಎಷ್ಟ ವರ್ಷದ್ದು?’

ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ‘ಸುಮಾರು ನೂರು ವರ್ಷ’ ಎಂದು ಒತ್ತುವಷ್ಟರಲ್ಲಿ ಚಹಾ ಆರಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಅಯ್ಯೋ, ಇದು ಅದೇ ಡಬ್ಬಿ! ಇದರ ವಯಸ್ಸು ಹೇಳಲು ಹೋಗಿ ನಾನು ಒಮ್ಮೆ ಮರ್ಯಾದೆ ಕಳೆದುಕೊಂಡಾಗಿದೆ.

ಹತ್ತನೇ ಇಯತ್ತೆ ಪಾಸಾಗುವಾಗ ನನಗೆ ಮೂವತ್ತೆರಡು ವರ್ಷ. ಹಗಲು ಮಗ್ಗದ ಕೆಲಸ, ಸಂಜೆ ಪುಸ್ತಕ. ತಡವಾಗಿ ಕಲಿತವನಿಗೆ ಕಂಡದ್ದಕ್ಕೆಲ್ಲ ವಿವರಣೆ ಕೊಡುವ ಚಟ ಹತ್ತುತ್ತದೆ ನೋಡಿ. ಹಳೆಯ ಸಾಮಾನುಗಳ ವಿಡಿಯೋ ನೋಡಿ ನೋಡಿ ನಾನೊಂದು ಭೂತಗನ್ನಡಿ ಕೊಂಡೆ. ನೆಂಟರ ಮನೆಗೆ ಹೋದರೆ ಕೈಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ ಡಬ್ಬಿಗಳನ್ನು ಬೋರಲು ಹಾಕಿ ನೋಡುತ್ತಿದ್ದೆ. ನಾನು ಬರುತ್ತೇನೆಂದರೆ ಹೆಂಗಸರು ಬೇಳೆ, ಬೆಲ್ಲ ಎತ್ತಿಡುತ್ತಿದ್ದರಂತೆ.

ಇಂಥ ನನ್ನನ್ನು ಎರಡು ವರ್ಷದ ಹಿಂದೆ ಬನಹಟ್ಟಿಯ ಚಿಗವ್ವ ನೀಲವ್ವ ಕರೆಸಿದಳು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ತನ್ನ ಅವ್ವ ಮುಧೋಳದಿಂದ ತನ್ನ ಜೊತೆ ಕಳಿಸಿದ್ದ ಉಪ್ಪಿನ ಡಬ್ಬಿಯನ್ನೇ ಮೊಮ್ಮಗಳ ಜೊತೆ ಕಳಿಸಬೇಕೆಂಬುದು ಆಕೆಯ ಒಂದೇ ಆಸೆ. ಆದರೆ ಮನೆಯಲ್ಲಿದ್ದ ಡಬ್ಬಿ ತನ್ನದಲ್ಲ ಎಂಬುದು ಆಕೆಯ ನಲವತ್ತು ವರ್ಷದ ತಕರಾರು. ಪಕ್ಕದ ಮನೆಯ ಗಂಗವ್ವ, ಅಂದರೆ ಚಿಗವ್ವನ ಗಂಡನ ಅಣ್ಣನ ಹೆಂಡತಿ, ಮಹಾಲಿಂಗಪುರದ ತವರಿನಿಂದ ಅಂಥದೇ ಡಬ್ಬಿ ತಂದಿದ್ದಳು. ಅಣ್ಣತಮ್ಮಂದಿರು ಬೇರೆಯಾಗಿ ನಡುವೆ ಗೋಡೆ ಎದ್ದಾಗ, ಸಾಮಾನು ಸಾಗಿಸುವ ಗದ್ದಲದಲ್ಲಿ ಡಬ್ಬಿಗಳು ಅದಲುಬದಲಾದವು ಎಂದು ಚಿಗವ್ವ. ನನ್ನ ಡಬ್ಬಿ ನನ್ನ ಹತ್ತಿರವೇ ಇದೆ ಎಂದು ಗಂಗವ್ವ. ಚಿಗವ್ವನ ಪುರಾವೆ ಮುಚ್ಚಳ. ತವರಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂಡುತ್ತಿತ್ತು, ಇದರದು ಲೊಡಲೊಡ ಅಲ್ಲಾಡುತ್ತದೆ. ಅಂದಿನಿಂದ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಮಾತು ಮಾತ್ರ ಗೋಡೆಯ ಮೇಲಿಂದ ಧಾರಾಳವಾಗಿ ಹೋಗಿಬರುತ್ತಿತ್ತು.

ಹಾಗಾಗಿ ನ್ಯಾಯ ಹೊರಗಿನ ಕಟ್ಟೆಯ ಮೇಲೆ ನಡೆಯಿತು. ಗಂಗವ್ವ ತನ್ನ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ತಂದಳು.

‘ನೀ ಆಕಿ ಅಕ್ಕನ ಮಗ, ಆಕಿ ಕಡೀನ ಹೇಳಾಂವ. ಆಗಲಿ, ನೋಡು’ ಎಂದು ಮುಂದಿಟ್ಟಳು.

ನಾನು ಭೂತಗನ್ನಡಿ ತೆಗೆದೆ. ಚಿಗವ್ವನ ಡಬ್ಬಿಯ ಬುಡ ಒಂದೇ ಕಡೆ ಸವೆದಿತ್ತು. ತಲೆಮಾರುಗಳ ಬಳಕೆ ಎಂದೆ. ಬಾಗಿಲು ಹಾಕಿಕೊಳ್ಳಬಾರದೆಂದು ಅದನ್ನು ಅಡ್ಡ ಇಡುತ್ತಿದ್ದೆವು ಎಂದು ಚಿಗವ್ವನೇ ಹೇಳಿಬಿಟ್ಟಳು. ಗಂಗವ್ವನ ಡಬ್ಬಿಯ ಕಪ್ಪು ಬಣ್ಣ ಬರಲು ನೂರೈವತ್ತು ವರ್ಷವಾದರೂ ಬೇಕು ಎಂದೆ.

‘ಅದು ವಯಸ್ಸಲ್ಲೋ ತಮ್ಮಾ, ಹೊಗಿ’ ಎಂದಳು ಗಂಗವ್ವ. ‘ನಮ್ಮ ಒಲಿ ಮುಂದ ಕುಂತಿದ್ರ ನೀನೂ ಹಂಗ ಆಗ್ತಿದ್ದಿ.’

ಉಳಿದದ್ದು ಮುಚ್ಚಳ.

‘ಬಟ್ಟಿ ಬಿಚ್ಚು ಯಕ್ಕಾ’ ಎಂದಳು ಚಿಗವ್ವ.

‘ಇರುವಿ ಹೋಗ್ತಾವಂತ ಕಟ್ಟೇನಿ.’

‘ಉಪ್ಪಿಗೆ ಇರುವಿ?’

ಗಂಗವ್ವ ಡಬ್ಬಿಯನ್ನು ನನ್ನತ್ತ ಸರಿಸಿದಳು. ಬಟ್ಟೆ ನಾನೇ ಬಿಚ್ಚಿದೆ. ಆ ಮುಚ್ಚಳ ಬಾಯೊಳಗೆ ಇಳಿದೇ ಇರಲಿಲ್ಲ, ಸುಮ್ಮನೆ ಮೇಲೆ ಕೂತಿತ್ತು. ನಲವತ್ತು ವರ್ಷ ಈ ಹೆಣ್ಣುಮಗಳು ಅದನ್ನು ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಅದನ್ನು ತೆಗೆದು ಚಿಗವ್ವನ ಡಬ್ಬಿಗೆ ಹಾಕಿ ತುಸು ತಿರುಗಿಸಿದೆ. ಗಪ್ಪನೆ ಕೂತಿತು. ಚಿಗವ್ವನ ಮುಚ್ಚಳ ಗಂಗವ್ವನ ಡಬ್ಬಿಗೂ ಹಾಗೆಯೇ.

ನನಗೆ ನಿಜವಾಗಿ ಗೊತ್ತಿದ್ದದ್ದು ಇದೊಂದೇ. ಕಟ್ಟಿಗೆ ಒಣಗುತ್ತಾ ಒಂದು ಕಡೆ ಹೆಚ್ಚು ಕುಗ್ಗುತ್ತದೆ, ದುಂಡಗಿದ್ದ ಬಾಯಿ ತುಸು ಮೊಟ್ಟೆಯಾಕಾರ ಆಗುತ್ತದೆ. ಅದೇ ತುಂಡಿನಿಂದ ಕಡೆದ ಮುಚ್ಚಳವೂ ಅದರ ಜೊತೆಗೇ ಕುಗ್ಗುತ್ತದೆ. ಇದನ್ನು ಹೇಳಿದಾಗ ಇಬ್ಬರೂ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದರು. ಅಷ್ಟಕ್ಕೇ ಎದ್ದು ಬಸ್ಸು ಹಿಡಿಯಬೇಕಿತ್ತು.

‘ಹಂಗಾರ ನಮ್ಮವ್ವನ ಡಬ್ಬಿ ಯಾವುದು?’ ಎಂದಳು ಚಿಗವ್ವ.

ಮುಚ್ಚಳಗಳು ಬದಲಾಗಿದ್ದರೆ ಅವರವರ ಡಬ್ಬಿ ಅವರವರ ಹತ್ತಿರವೇ ಇದೆ. ಡಬ್ಬಿಗಳು ಬದಲಾಗಿದ್ದರೆ ಮುಚ್ಚಳವಷ್ಟೇ ಅವರದು. ಕತ್ತಿನ ಕೆಳಗಿನ ಗೆರೆಗಳೂ ಒಂದೇ ಥರ. ಒಬ್ಬನೇ ಬಡಿಗ ಎರಡೂ ಊರಿಗೆ ಮಾರಿದ್ದನೋ ಏನೋ. ಮತ್ತೊಮ್ಮೆ ನೋಡಿ ಭೂತಗನ್ನಡಿಯನ್ನು ಕಿಸೆಗೆ ಹಾಕಿದೆ.

‘ಚಿಗವ್ವಾ, ಇದು ನನಗ ತಿಳಿಯೂದಿಲ್ಲ’ ಎಂದೆ. ಪರೀಕ್ಷೆ ಪಾಸಾದ ಮೇಲೆ ಈ ಮಾತನ್ನು ಆಡಿದ್ದು ಅದೇ ಮೊದಲು.

ಚಿಗವ್ವ ಎರಡೂ ಡಬ್ಬಿಗಳನ್ನು ಬಹಳ ಹೊತ್ತು ಸವರಿದಳು. ಆಮೇಲೆ ಬಿಗಿಯಾಗಿ ಕೂತಿದ್ದ ಮುಚ್ಚಳ ತೆಗೆದು, ಅಲ್ಲಾಡುವ ಹಳೆಯದನ್ನೇ ತನ್ನ ಡಬ್ಬಿಗೆ ಹಾಕಿದಳು.

‘ಡಬ್ಬಿ ನಂದ, ಮುಚ್ಚಳ ಆಕೀದು. ಹಿಂಗ ಕಳಸ್ತೀನಿ. ಮುಚ್ಚಳ ಕೇಳಾಕರ ಆಕಿ ನನ್ನ ಮೊಮ್ಮಗಳ ಮನಿಗೆ ಹೋಗ್ಲಿ.’

ಗಂಗವ್ವ ತನ್ನ ಡಬ್ಬಿಗೆ ಮತ್ತೆ ಬಟ್ಟೆ ಕಟ್ಟುತ್ತಾ, ‘ಮುಚ್ಚಳ ಯಾಕಬೇ, ಡಬ್ಬೀನ ನಂದಿದ್ದೀತು. ಡಬ್ಬಿ ಕೇಳಾಕ ಹೋಗ್ತೀನಿ’ ಎಂದಳು.

ನಲವತ್ತು ವರ್ಷದ ವಾದವನ್ನು ಇಬ್ಬರೂ ಕಟ್ಟೆಯ ಮೇಲೆ ಕೂತಲ್ಲೇ ಅದಲುಬದಲು ಮಾಡಿಕೊಂಡಿದ್ದರು.

ಈಗ ಆ ಡಬ್ಬಿ ಫೋಟೋದಲ್ಲಿ ನನ್ನನ್ನು ನೋಡುತ್ತಿತ್ತು. ‘ಸುಮಾರು ನೂರು ವರ್ಷ’ವನ್ನು ಒಂದೊಂದೇ ಅಕ್ಷರ ಅಳಿಸಿದೆ. ‘ಅರ್ಧ ಮುಧೋಳದ್ದು, ಅರ್ಧ ಮಹಾಲಿಂಗಪುರದ್ದು. ಯಾವ ಅರ್ಧ ಎಲ್ಲೀದು ಗೊತ್ತಿಲ್ಲ. ವಯಸ್ಸೂ ಗೊತ್ತಿಲ್ಲ. ಯಾಕ ಕೇಳಿದ್ರಿ?’ ಎಂದು ಕಳಿಸಿದೆ.

ಉತ್ತರ ತಕ್ಷಣ ಬಂತು.

‘ನಾ ಕೇಳಿದ್ದಲ್ರಿ ಮಾವಾರ. ಗಂಗವ್ವಜ್ಜಿ ಡಬ್ಬಿ ಮುಂದಿಟ್ಕೊಂಡು ಕುಂತಾರ. ಬಾಜೂಕ ನೀಲವ್ವಜ್ಜಿನೂ ಅದಾರ. ಇಬ್ರೂ ಒಂದ ಬಸ್ಸಿಗೆ ಬಂದಾರ.’