ಅವರ ಬಾಯಿಗೆ ನಾನಿಟ್ಟ ಇಂಗ್ಲಿಷ್

ವಿಡಿಯೊ ಎಡಿಟಿಂಗ್ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಸೊರಬದಲ್ಲಿ ಹೇಳಿಕೊಡುವವರಾದರೂ ಎಲ್ಲಿದ್ದಾರೆ? ಮೊಬೈಲ್ ನೋಡಿ ನೋಡಿ ಕಲಿತೆ. ಗುಡವಿ ಕೆರೆಯ ಹಕ್ಕಿಗಳನ್ನು ಶೂಟ್ ಮಾಡಿ, ಸಂಗೀತ ಸೇರಿಸಿ ಹಾಕಿದ್ದೆ. ಅದನ್ನು ನೋಡಿ ಶಿಕಾರಿಪುರ ರಸ್ತೆಯ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನವರು ಕರೆದರು. ಆನ್ಯುಯಲ್ ಡೇಗೆ ಮಕ್ಕಳ ಸಾಧನೆಯ ವಿಡಿಯೊ ಬೇಕಂತೆ. ನನಗೋ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಬಹುಮಾನಗಳು, ಆಟ, ಲ್ಯಾಬು, ಡ್ಯಾನ್ಸು ಎಲ್ಲ ಆದಮೇಲೆ ವಿಡಿಯೊದ ಕೊನೆಗೆ ಒಬ್ಬ ಪೋಷಕರು ಪರದೆಯ ಮೇಲೆ ಬಂದು ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಅದು ಆ ಶಾಲೆಯ ಪದ್ಧತಿ. ಅಷ್ಟು ವರ್ಷವೂ ಬಂದವರು ಡಾಕ್ಟರು, ವಕೀಲರು, ಅಡಿಕೆ ಮಂಡಿಯವರು. ಆ ವರ್ಷ ಮಾತ್ರ ಬೇರೆ ದಾರಿ ಇರಲಿಲ್ಲ. ರಾಜ್ಯಮಟ್ಟದ ಇಂಗ್ಲಿಷ್ ಭಾಷಣದಲ್ಲಿ ಮೊದಲ ಬಹುಮಾನ ತಂದವಳು ಉಡುತಡಿ ಕಡೆಯ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗಿ. ಕುರಿ ಸಾಕುವವರ ಮನೆಯವಳು. ತಂದೆ ಇಲ್ಲ. ಅವಳ ತಾಯಿಯ ಮಾತನ್ನು ರೆಕಾರ್ಡ್ ಮಾಡಲು ನಾನು ಅವರ ಮನೆಗೆ ಹೋದೆ.

"ಬರ್ರಿ, ಕುತ್ಕಳ್ರಿ," ಎಂದರು. ಒಳಗಿನ ಬೆಳಕು ಸಾಲದೆ ಅಂಗಳದಲ್ಲೇ ಕೂರಿಸಿದೆ.

"ನನಗೆ ಒಂದೇ ಮಾತು ಹೇಳೋದೈತ್ರೀ. ಅಷ್ಟು ಜನದ ಮುಂದೆ ಅದೊಂದು ಕೇಳಿಸಿದ್ರೆ ಸಾಕು."

"ಅವ್ವ, ಕ್ಯಾಮೆರಾ ನೋಡ್ಕಂಡು ಮಾತಾಡು. ಅವರ ಮುಖ ನೋಡ್ಬೇಡ," ಎಂದಳು ಮಗಳು, ಸೆರಗು ಸರಿಮಾಡುತ್ತ.

"ಅದಕ್ಕೇನು ಕಿವಿ ಐತೇನೆ? ನಾನು ಮನುಷ್ಯರ ಮುಖ ನೋಡೇ ಮಾತಾಡೋಳು."

ನನ್ನನ್ನು ನೋಡುತ್ತಲೇ ಹೇಳಿದರು. "ಇವಳಪ್ಪ ಈ ಶಾಲೆ ಒಳಗೆ ಕಾಲಿಡ್ಲಿಲ್ರೀ. ಇವಳನ್ನ ಸೇರಿಸಿದ ವರ್ಷ ಮೀಟಿಂಗಿಗೆ ಅಂತ ಹೋಗಿದ್ರು. ಹೆಗಲ ಮೇಲೆ ಕಂಬಳಿ ಇತ್ತು. ಗೇಟಿನಾಗೆ ನಿಲ್ಸಿದ್ರು. ಆಮೇಲೆ ಒಳಗೆ ಹೋಗ್ಲೇ ಇಲ್ಲ. ಆ ಕಡೆ ಹೊಲದಾಗೆ ಕುರಿ ನಿಲ್ಸಿದಾಗೆಲ್ಲ ಗೇಟಿನ ಹೊರಗೆ ನಿಂತು, ಮಗಳು ಬಸ್ ಇಳಿಯೋದು ನೋಡಿ ಬರೋರು. ಹೋದ ವರ್ಷ ಕುರಿ ಹಿಂದೆ ಇದ್ದಾಗಲೇ ಸಿಡಿಲು ಬಡೀತು. ಇದ್ದಿದ್ರೆ ಇವತ್ತು ಒಳಗೆ ಬಂದು, ನಿಮ್ಮೆಲ್ಲಾರ ಜೊತೇಲಿ ಕುತ್ಕಂಡು ಮಗಳನ್ನ ನೋಡೋರು. ಅಷ್ಟೇರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಹಾಲು ಕಾಯಿಸಿದೆ, ಇಳಿಸಿದೆ ಎನ್ನುವ ಹಾಗೆ ಹೇಳಿದರು. ಮಗಳು ನೆಲ ನೋಡುತ್ತಿದ್ದಳು.

ಮರುದಿನ ಪ್ರಿನ್ಸಿಪಾಲ್ ಮೇಡಂ ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೂ ತಟ್ಟಿತ್ತು, ಸುಳ್ಳು ಹೇಳಬಾರದು.

"ತುಂಬಾ ಟಚಿಂಗ್ ಇದೆ. ಆದ್ರೆ ಸೆಲೆಬ್ರೇಷನ್ ದಿನ ಸಾವು, ಗೇಟು ಇದೆಲ್ಲ ಹೇಗೆ ಹಾಕೋದು? ಅದೂ ಅಲ್ದೆ ಕನ್ನಡ. ಬಿಡಿ, ಬೇರೆ ಪೇರೆಂಟ್ ನೋಡೋಣ."

ಅಲ್ಲಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಆ ವಾರವಷ್ಟೇ ನಾನೊಂದು ಹೊಸ ಆಪ್ ಕಲಿತಿದ್ದೆ. ಒಬ್ಬರ ಮಾತನ್ನು ಅದಕ್ಕೆ ಕೊಟ್ಟರೆ, ಅವರದೇ ದನಿಯಲ್ಲಿ ಬೇರೆ ಭಾಷೆ ಆಡಿಸುತ್ತದೆ. ತುಟಿಗಳನ್ನೂ ಅದಕ್ಕೆ ಹೊಂದಿಸುತ್ತದೆ! ಯಾರಿಗಾದರೂ ತೋರಿಸಲು ಕೈ ತುರಿಸುತ್ತಿತ್ತು.

"ಬೇಡ ಮೇಡಂ, ಅವರನ್ನೇ ಇಟ್ಕೊಳ್ಳೋಣ. ನಾನು ಅವರನ್ನ ಇಂಗ್ಲಿಷಲ್ಲಿ ಮಾತಾಡಿಸ್ತೀನಿ," ಎಂದೆ.

ಏನು ಹೇಳಿಸಬೇಕೆಂದು ಮೇಡಂ ಬರೆದುಕೊಟ್ಟರು. ಶಾಲೆಯ ಶಿಸ್ತು, ಶಿಕ್ಷಕರ ಪ್ರೀತಿ, ತಾಯಿಯ ಹೆಮ್ಮೆ. ನಾನು ಎರಡು ದಿನ ಕೂತು ಮಾಡಿದೆ. 'ಶ' ಬಂದಲ್ಲಿ ತುಟಿ ಸ್ವಲ್ಪ ಜಾರುತ್ತಿತ್ತು, ಅದನ್ನೂ ತಿದ್ದಿದೆ. ಆ ತಾಯಿಯನ್ನು ಒಂದು ಮಾತು ಕೇಳಬೇಕು ಅನ್ನುವುದು ಹೊಳೆಯಲೇ ಇಲ್ಲ. ಅವರನ್ನು ವಿಡಿಯೊದಲ್ಲಿ ಉಳಿಸಿಕೊಟ್ಟೆ ಎಂಬ ಹಿಗ್ಗಿನಲ್ಲೇ ಇದ್ದೆ.

ಆನ್ಯುಯಲ್ ಡೇ ಸಂಜೆ ಅವರು ಮುಂದಿನ ಸಾಲಿನಲ್ಲಿ, ಮಗಳ ಪಕ್ಕ ಕೂತಿದ್ದರು. ನಾನು ಪರದೆಯ ಬದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವರ ಮುಖ ಪರದೆ ತುಂಬ ಬಂತು. ಅವರದೇ ಅಂಗಳ, ಅವರದೇ ದನಿ, ಇಂಗ್ಲಿಷು. ಹಿಂದಿನ ಸಾಲಿನಲ್ಲಿ ಒಬ್ಬರು, "ಎಲಾ ಇವ್ನ! ಕುರಿ ಕಾಯೋರ ಮನೆಯಾಗೂ ಇಂಗ್ಲಿಷ್ ಬಂತಲ್ಲೋ!" ಎಂದರು. "ನಿನಗೇ ಬರ್ಲಿಲ್ಲ ನೋಡು," ಎಂದರು ಇನ್ನೊಬ್ಬರು. ನಗು, ಚಪ್ಪಾಳೆ, ಶಿಳ್ಳೆ. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದೇ.

ಅದು ತಣ್ಣಗಾಗುವ ಹೊತ್ತಿಗೆ ಆ ತಾಯಿ ಮಗಳ ಕಡೆ ಬಾಗಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಾನು ಏನಂದೆ?"

"ಸ್ಕೂಲು ಚೆನ್ನಾಗೈತೆ ಅಂದಿ."

"ಮತ್ತೆ?"

"ಟೀಚರ್ಸು ಚೆನ್ನಾಗಿ ನೋಡ್ಕಂತಾರೆ ಅಂದಿ."

"ನಿಮ್ಮಪ್ಪನ ಮಾತು?"

ಹುಡುಗಿ ಪರದೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಆಗಲೇ ವೇದಿಕೆಯ ಮುಂದಿನ ಕಾರ್ಯಕ್ರಮ, ಪುಟ್ಟ ಮಕ್ಕಳ ಡ್ಯಾನ್ಸಿನ ಹೆಸರು ಬಂದಿತ್ತು.

ಕಾರ್ಯಕ್ರಮ ಮುಗಿದಮೇಲೆ ನಾನೇ ಅವರ ಹತ್ತಿರ ಹೋದೆ. "ಅಮ್ಮ, ನೀವು ಹೇಳಿದ್ದು ಪೂರ್ತಿ ನನ್ನ ಹತ್ರ ಇದೆ. ಒಂದಕ್ಷರನೂ ಹೋಗಿಲ್ಲ. ಈಗಲೇ ತೋರಿಸ್ತೀನಿ," ಎಂದೆ.

"ನನಗೆ ತೋರ್ಸಿ ಏನ್ಮಾಡ್ತೀರಿ? ನಾನು ಹೇಳಿದ್ದು ನನಗೆ ಗೊತ್ತಿಲ್ವಾ?" ಎಂದರು. ಖಾಲಿಯಾಗುತ್ತಿದ್ದ ಕುರ್ಚಿಗಳ ಕಡೆ ಕೈ ಮಾಡಿದರು. "ಕೇಳ್ಬೇಕಾದೋರು ಎದ್ದು ಹೋದ್ರಲ್ರೀ."

ಬೈದಿದ್ದರೆ ಚೆನ್ನಾಗಿತ್ತು. ಶಾಲೆಯವರು ಇಟ್ಟ ಊಟ ಮಾಡಿ ಹೋಗಿ ಎಂದು ನನಗೇ ಹೇಳಿ, ತಾವು ಊಟ ಮಾಡದೆ ಹೊರಟರು.

ಹದಿನೈದು ದಿನ ಕಳೆದಿರಬೇಕು. ಹುಡುಗಿ ಮೆಸೇಜ್ ಮಾಡಿದಳು, ಅವ್ವನ ವಿಡಿಯೊ ಕಳಿಸಿ ಎಂದು. ಎಷ್ಟು ಹಗುರಾಯಿತೋ ಮನಸ್ಸು! ಕಂಬಳಿ, ಸಿಡಿಲು, ಎಲ್ಲ ಇದ್ದ ಆ ಅಂಗಳದ ಮಾತನ್ನು ಒಂದಿಷ್ಟೂ ಕತ್ತರಿಸದೆ ಕಳಿಸಿದೆ. ನೋಡಿದಳು. ಉತ್ತರ ಬಂತು.

"ಇದಲ್ಲ ರೀ. ಸ್ಕೂಲಲ್ಲಿ ಹಾಕಿದ್ದು."

ಯಾಕೆ ಎಂದು ಕೇಳಿದೆ.

"ಕ್ಲಾಸಲ್ಲಿ ಎಲ್ರೂ ಕೇಳ್ತಾರೆ, ನಿಮ್ಮಮ್ಮಂಗೆ ನಿಜವಾಗ್ಲೂ ಇಂಗ್ಲಿಷ್ ಬರುತ್ತಾ ಅಂತ. ಹೂಂ ಅಂದಿದೀನಿ."

"ಅವ್ವ ಹೇಗಿದಾರೆ?"

"ಇನ್ನ ಸ್ಕೂಲ್ ಕಡೆ ಬರಲ್ಲ ಅಂದೈತೆ. ಬರದೇ ಇರೋದೇ ಒಳ್ಳೇದು ರೀ. ಬಂದ್ರೆ ಎಲ್ರೂ ಮಾತಾಡಿಸ್ತಾರೆ."

ಏನೋ ಬರೆದೆ, ಅಳಿಸಿದೆ. ಕೊನೆಗೆ ಸ್ಕೂಲಿನದನ್ನೇ ಕಳಿಸಿದೆ.